ಹತ್ತಿ ಮೊಗ್ಗು ಉದುರುವುದು ಯಾಕೆ?

ಹತ್ತಿ ಸಾಲಿನ ನಡುವೆ ಮೊಗ್ಗು ಉದುರಿ ಬಿದ್ದಿದ್ದರೆ ರೈತರ ಕೈ ಮೊದಲು ಹೋಗುವುದು ಔಷಧಿ ಪಂಪಿನ ಕಡೆಗೆ. ಬೆಳೆ ಕಣ್ಣೆದುರೇ ನೆಲ ಸೇರುತ್ತಿರುವಾಗ ಆತಂಕ ಸಹಜ. ಆದರೆ ಉದುರಿದ್ದೆಲ್ಲ ಹುಳುವಿನ ಕೆಲಸವಲ್ಲ. ಹತ್ತಿ ಗಿಡ ತನ್ನಿಂದ ಸಾಕಲು ಆಗುವುದಕ್ಕಿಂತ ಜಾಸ್ತಿ ಮೊಗ್ಗು ಬಿಡುತ್ತದೆ. ಹುಳು ಮುಟ್ಟದ ಗಿಡವೂ ಅರ್ಧಕ್ಕಿಂತ ಹೆಚ್ಚು ಮೊಗ್ಗು, ಮಿಡಿಗಳನ್ನು ಉದುರಿಸುವುದುಂಟು.

ಇದು ತೀರ್ಮಾನವಾಗುವುದು ತೊಟ್ಟಿನ ಬುಡದಲ್ಲಿ. ಅಲ್ಲಿ ಸಣ್ಣ ಜೀವಕೋಶಗಳ ತೆಳು ಪದರವೊಂದಿದೆ. ಬೆಳೆಯುವ ಮಿಡಿಯಿಂದ ಆಕ್ಸಿನ್ ಎಂಬ ಹಾರ್ಮೋನ್ ಈ ಪದರದ ಮೂಲಕ ಹರಿಯುವ ತನಕ ತೊಟ್ಟು ಗಟ್ಟಿ. ಹರಿವು ತಗ್ಗಿದರೆ ಗಿಡವೇ ತಯಾರಿಸುವ ಎಥಿಲೀನ್ ಅನಿಲದ ಕೈ ಮೇಲಾಗುತ್ತದೆ. ಜೀವಕೋಶಗಳನ್ನು ಅಂಟಿಸಿಟ್ಟ ಪೆಕ್ಟಿನ್ ಕರಗಿಸುವ ಕಿಣ್ವಗಳು ಹುಟ್ಟುತ್ತವೆ, ತೊಟ್ಟು ಕಳಚುತ್ತದೆ. ವಾರಗಟ್ಟಲೆ ಮೋಡ ಕವಿದರೆ ಎಲೆಯಲ್ಲಿ ಸಕ್ಕರೆ ತಯಾರಾಗುವುದು ಕಡಿಮೆ, ಮಿಡಿಗೆ ಊಟ ಸಾಲದು. ಎರೆ ಹೊಲದಲ್ಲಿ ನೀರು ನಿಂತರೆ ಬೇರಿಗೆ ಗಾಳಿ ಸಿಗುವುದಿಲ್ಲ. ಎಥಿಲೀನಿಗೆ ಬೇಕಾದ ಕಚ್ಚಾವಸ್ತು ಬೇರಿನಿಂದ ಮೇಲೇರುತ್ತದೆ. ಇದಕ್ಕೆ ಕೀಟನಾಶಕ ಏನು ಮಾಡೀತು? ಬಿದ್ದ ಮೊಗ್ಗನ್ನು ಎತ್ತಿ ನೋಡಬೇಕು. ತೂತು, ಹಿಕ್ಕೆ ಇದ್ದರೆ ಕಾಯಿಕೊರಕ. ಇಲ್ಲದಿದ್ದರೆ ಮೊದಲು ನಿಂತ ನೀರು ಬಸಿಯಲಿ.

ಉದುರುವುದನ್ನು ತಡೆಯಲು ಹೊಡೆಯುವ ಎನ್‌ಎಎ (ನ್ಯಾಫ್ಥಲೀನ್ ಅಸಿಟಿಕ್ ಆಮ್ಲ) ಆಕ್ಸಿನ್‌ನ ಕೃತಕ ಜೋಡಿ. ಪ್ರಮಾಣ, ಹೊತ್ತು ಎರಡೂ ಸರಿಯಿರಬೇಕು. ಸೇಬಿನ ತೋಟದಲ್ಲಿ ಇದೇ ಎನ್‌ಎಎಯನ್ನು ಹೂ ಕಳೆದ ಹೊಸದರಲ್ಲಿ ಮಿಡಿ ಉದುರಿಸಲು ಬಳಸುತ್ತಾರೆ, ಕೊಯ್ಲಿಗೆ ಮುಂಚೆ ಹಣ್ಣು ಉದುರದಂತೆ ತಡೆಯಲೂ ಬಳಸುತ್ತಾರೆ!

ಹುಳು ಕಚ್ಚಿದರೂ ಎಥಿಲೀನ್ ಏರುತ್ತದೆ, ಗಾಯಗೊಂಡ ಮೊಗ್ಗು ಬೀಳುತ್ತದೆ. ಜೊತೆಗೆ ಜಾಸ್ಮೋನಿಕ್ ಆಮ್ಲ ಎಂಬ ಇನ್ನೊಂದು ಹಾರ್ಮೋನ್ ಎದ್ದೇಳುತ್ತದೆ. ಗಿಡದ ರಕ್ಷಣೆಯ ಜೀನ್‌ಗಳನ್ನು ಜಾಜ್ ಎಂಬ ಪ್ರೋಟೀನ್‌ಗಳು ಅದುಮಿಟ್ಟಿರುತ್ತವೆ. ಜಾಸ್ಮೋನಿಕ್ ಆಮ್ಲ ಹೆಚ್ಚಿದಾಗ ಜೀವಕೋಶ ಈ ಪ್ರೋಟೀನ್‌ಗಳನ್ನು ಒಡೆದುಹಾಕುತ್ತದೆ. ಆಗ ಹುಳುವಿಗೆ ಆಗದ ಗಾಸಿಪಾಲ್‌ನಂಥ ವಸ್ತುಗಳು ಹೆಚ್ಚುತ್ತವೆ. ಎಲೆಯಿಂದ ಬೇರೆಯೇ ವಾಸನೆ ಹೊಮ್ಮುತ್ತದೆ.

ನನಗೆ ಬಹಳ ಇಷ್ಟವಾದ ಭಾಗ ಈ ವಾಸನೆಯದೇ. 1998ರಲ್ಲಿ ಅಮೆರಿಕದಲ್ಲಿ ಕಾನ್ಸ್ಯುಯೆಲೊ ಡಿ ಮೊರೇಸ್ ಮತ್ತು ಸಂಗಡಿಗರು ಹತ್ತಿ, ತಂಬಾಕು, ಮೆಕ್ಕೆಜೋಳದ ಮೇಲೆ ಎರಡು ಜಾತಿಯ ಹುಳು ಬಿಟ್ಟು ನೋಡಿದರು. ಎರಡೂ ಹತ್ತಿರದ ಸಂಬಂಧಿಗಳು. ಆದರೂ ಯಾವ ಹುಳು ತಿಂದಿತೋ ಅದಕ್ಕೆ ತಕ್ಕಂತೆ ಗಿಡದ ವಾಸನೆ ಬದಲಾಯಿತು. ಹುಳುವಿನ ಮೈಯೊಳಗೆ ಮೊಟ್ಟೆಯಿಡುವ ಪುಟ್ಟ ಕಣಜವೊಂದು ಆ ವಾಸನೆ ಹಿಡಿದು, ತನಗೆ ಬೇಕಾದ ಹುಳು ಇದ್ದ ಗಿಡಕ್ಕೇ ಹೋಗುತ್ತಿತ್ತು. ಸುಮ್ನೆ ಹೊಡೆದ ಕೀಟನಾಶಕಕ್ಕೆ ಸಾಯುವುದರಲ್ಲಿ ಇಂಥ ಕಣಜಗಳೂ ಸೇರಿರುತ್ತವೆ.