ಹಳೆಯ ಶಿಕ್ಷೆಗೆ ಮೇಲ್ಮನವಿ: ಗಡುವು ಬಂದ ದಾರಿ

‘ಹಳೆಯ ಕೇಸಿಗೆ ಈಗ ಅಪೀಲು ಹಾಕಬಹುದೇ ಸ್ವಾಮಿ?’ ಹಾಸನದ ನ್ಯಾಯಾಲಯದ ಆವರಣದಲ್ಲಿ ವಕೀಲರ ಮುಂದೆ ಬರುವ ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಕೇಳುವವನು ಸಕಲೇಶಪುರದ ಕಡೆಯ ತೋಟದ ಕಾರ್ಮಿಕನಿರಬಹುದು, ಅರಸೀಕೆರೆಯ ಲಾರಿ ಚಾಲಕನಿರಬಹುದು. ಎಂದೋ ತಪ್ಪೊಪ್ಪಿಕೊಂಡು, ದಂಡ ಕಟ್ಟಿ ಮನೆ ಸೇರಿದ್ದನ್ನು ಅವನು ಮರೆತೇ ಇರುತ್ತಾನೆ. ಹೊಸ ಕೆಲಸಕ್ಕೆ ಪೊಲೀಸ್ ಪರಿಶೀಲನೆ ನಡೆದಾಗ ಅದು ಎದ್ದು ಬರುತ್ತದೆ.

ಗಡುವಿನ ಲೆಕ್ಕ ಬ್ರಿಟಿಷರ ಕಾಲದ್ದು. 1908ರ ಕಾಲಮಿತಿ ಕಾಯ್ದೆಯಲ್ಲಿದ್ದ 30 ಮತ್ತು 60 ದಿನಗಳೇ 1963ರ ಕಾಯ್ದೆಗೂ ದಾಟಿಬಂದವು. ಮೇಲ್ಮನವಿ ಹೈಕೋರ್ಟಿಗಾದರೆ 60 ದಿನ, ಅದಕ್ಕಿಂತ ಕೆಳಗಿನ ನ್ಯಾಯಾಲಯಕ್ಕಾದರೆ 30. ಮರಣದಂಡನೆಗೆ ಹೈಕೋರ್ಟಿನಲ್ಲೂ 30 ದಿನವೇ. ಆ ಶಿಕ್ಷೆಯನ್ನು ಹೈಕೋರ್ಟ್ ಹೇಗೂ ದೃಢೀಕರಿಸಬೇಕು, ನಿಜ. ಆದರೂ ಜೀವದ ಪ್ರಶ್ನೆಗೇ ಅರ್ಧ ಸಮಯ ಎಂಬುದು ಮನಸ್ಸಿಗೆ ಒಗ್ಗುವುದಿಲ್ಲ. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಲೆಕ್ಕದಿಂದ ಬಿಡಬೇಕು. ಸಕಾರಣವಿದ್ದರೆ ಅದೇ ಕಾಯ್ದೆಯ ಕಲಂ 5ರಡಿ ವಿಳಂಬವನ್ನು ಮನ್ನಿಸಬಹುದು.

ವಿಳಂಬದ ಹಿಂದಿನ ಕಾರಣ ಏನಿರಬಹುದು ಎಂಬುದನ್ನು ಎತ್ತಿ ತೋರಿಸಿದ್ದು 1978ರ ಒಂದು ತೀರ್ಪು. ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ನಕಲಿ ಪದವಿ ಪತ್ರ ತಯಾರಿಸಲು ಯತ್ನಿಸಿದ ಪ್ರಕರಣವದು. ಬಾಂಬೆ ಹೈಕೋರ್ಟ್ 1973ರಲ್ಲಿ ಆರೋಪಿಯ ಶಿಕ್ಷೆಯನ್ನು ಮೂರು ವರ್ಷಕ್ಕೆ ಏರಿಸಿತ್ತು. ಅವನು ಸುಪ್ರೀಂ ಕೋರ್ಟಿಗೆ ಬಂದಾಗ ನಾಲ್ಕು ವರ್ಷಕ್ಕೂ ಹೆಚ್ಚು ತಡವಾಗಿತ್ತು. ತೀರ್ಪಿನ ನಕಲು ಜೈಲಿಗೆ ಹೋಗಿತ್ತು, ತನ್ನ ಕೈಗೆ ಬರಲಿಲ್ಲ ಎಂಬುದು ಅವನ ಉತ್ತರ. ಕೊಟ್ಟಿದ್ದಕ್ಕೆ ಅವನ ಸಹಿ ಜೈಲಿನಲ್ಲಿರಲಿಲ್ಲ. ಅರ್ಜಿಯೇನೋ ವಜಾ ಆಯಿತು. ಆದರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅಷ್ಟಕ್ಕೆ ಬಿಡಲಿಲ್ಲ. ನಕಲನ್ನು ಕೈದಿಗೆ ಉಚಿತವಾಗಿ, ತಡಮಾಡದೆ ಕೊಟ್ಟು ಸಹಿ ಪಡೆಯಬೇಕು, ವಕೀಲರನ್ನಿಡಲು ಶಕ್ತಿಯಿಲ್ಲದವನಿಗೆ ಸರ್ಕಾರವೇ ನೆರವಾಗಬೇಕು ಎಂದು ವಿಧಿಸಿದರು. ತೀರ್ಪು ಹೊರಬಿದ್ದ ದಿನಕ್ಕೂ ಅದು ಕೈದಿಯ ಕೈಸೇರುವ ದಿನಕ್ಕೂ ನಡುವೆ ಎಷ್ಟು ದೂರವಿದೆ ಎಂದು ನ್ಯಾಯಾಲಯವೊಂದು ನಿಂತು ನೋಡಿದ್ದು ಸಣ್ಣ ಮಾತಲ್ಲ.

ಮುಂದೆ ಒಂದು ಬಾಗಿಲು ಪೂರ್ತಿ ತೆರೆಯಿತು. ಅಪರಾಧ ನಡೆದಾಗ ತಾನು ಬಾಲಕನಾಗಿದ್ದೆ ಎಂಬ ವಾದವನ್ನು, ಪ್ರಕರಣ ಮುಗಿದ ಮೇಲೂ ಯಾವಾಗ ಬೇಕಾದರೂ ಎತ್ತಬಹುದೆಂದು ಬಾಲನ್ಯಾಯ ಕಾಯ್ದೆಯ 2006ರ ತಿದ್ದುಪಡಿ ಹೇಳಿತು. ಪುಣೆಯ 1994ರ ಪ್ರಕರಣವೊಂದರಲ್ಲಿ ಗಲ್ಲುಶಿಕ್ಷೆಗೆ ಗುರಿಯಾದವನು 28 ವರ್ಷ ಜೈಲಿನಲ್ಲಿ ಕಳೆದ ಬಳಿಕ, 2023ರಲ್ಲಿ, ಅದೇ ಬಾಗಿಲಿನಿಂದ ಹೊರಬಂದ. ಅಪರಾಧದ ದಿನ ಅವನಿಗೆ ಹನ್ನೆರಡೂವರೆ ವರ್ಷ. ಕೋವಿಡ್ ಕಾಲದಲ್ಲಿ 15.3.2020ರಿಂದ 28.2.2022ರವರೆಗಿನ ದಿನಗಳನ್ನು ಎಲ್ಲ ಗಡುವುಗಳಿಂದಲೂ ಕಳೆಯಲಾಯಿತು.

ತಪ್ಪೊಪ್ಪಿಕೊಂಡವನ ಪಾಲಿಗೆ ಮಾತ್ರ ದಾರಿ ಇಂದಿಗೂ ಇಕ್ಕಟ್ಟು. ಅವನು ಶಿಕ್ಷೆಯ ಪ್ರಮಾಣ ಅಥವಾ ಕಾನೂನುಬದ್ಧತೆಯನ್ನಷ್ಟೇ ಪ್ರಶ್ನಿಸಬಹುದು, ಅದೂ ಹೈಕೋರ್ಟ್ ಶಿಕ್ಷೆ ವಿಧಿಸಿರದಿದ್ದರೆ. 1.7.2024ರಿಂದ ಜಾರಿಯಾದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ (ಕ್ರಿಮಿನಲ್ ಪ್ರಕರಣಗಳ ವಿಚಾರಣೆಯ ಕಾನೂನು) ಈ ನಿಯಮ ಹಾಗೆಯೇ ಉಳಿದಿದೆ. ವಕೀಲರಿಲ್ಲದೆ, ಒಂದು ದಿನದ ಕೂಲಿ ಉಳಿಯಲೆಂದು ‘ತಪ್ಪಾಯಿತು’ ಎಂದವನಿಗೆ ಆ ಮಾತಿನ ತೂಕವನ್ನು ಯಾರಾದರೂ ತಿಳಿಸಿದ್ದರೇ ಎಂದು ಕಡತ ಹೇಳುವುದಿಲ್ಲ. ಕಡತವಾದರೂ ಉಳಿದಿರಬೇಕಲ್ಲ! ಅವಧಿ ಮುಗಿದ ಕಡತಗಳನ್ನು ನಿಯಮದಂತೆ ನಾಶಪಡಿಸಲಾಗುತ್ತದೆ. ಹೀಗಾಗಿ ಹಳೆಯ ಕೇಸು ಹಿಡಿದು ಬಂದವನನ್ನು ಅನುಭವಿ ವಕೀಲರು ಮೊದಲು ಕಳಿಸುವುದು ನಕಲು ವಿಭಾಗದ ಕಿಟಕಿಗೆ. ಕೇಸಿನ ನಂಬರು, ವರ್ಷ ನೆನಪಿದ್ದರೆ ಅವನು ಅಲ್ಲಿ ಅರ್ಜಿ ಬರೆದುಕೊಡುತ್ತಾನೆ.