ಗುಡ್ಡ ಇಳಿದ ಕಾಲಿಗೆ ಹಿಮದ ಇಳಿಜಾರು ಒಗ್ಗುವುದೇ?

ಪ್ರಶ್ನೆ: ಬರುವ ಜನವರಿಯಲ್ಲಿ ಮನೆಮಂದಿಯೆಲ್ಲ ಗುಲ್ಮಾರ್ಗ್‌ಗೆ ಹೋಗುವವರಿದ್ದೇವೆ. ಮಗಳು ಸ್ಕೀಯಿಂಗ್, ಮಗ ಸ್ನೋಬೋರ್ಡಿಂಗ್ ಕಲಿಯಲೇಬೇಕೆಂದು ಹಟ ಹಿಡಿದಿದ್ದಾರೆ. ಮಲೆನಾಡಿನವರಾದ ನಮಗೆ ಗುಡ್ಡ ಹತ್ತಿ ಇಳಿಯುವುದು ಹೊಸತಲ್ಲ. ಅದರ ಮೇಲೆ ಇನ್ನೇನು ಎಚ್ಚರಿಕೆ ಬೇಕು? ಅರವತ್ತೆಂಟು ವರ್ಷದ ನಮ್ಮ ಅತ್ತೆಯವರನ್ನೂ ಕರೆದುಕೊಂಡು ಹೋಗಬಹುದೇ?
— ಓದುಗರೊಬ್ಬರು, ಸಾಗರ

ಉತ್ತರ: ಗುಡ್ಡ ಹತ್ತಿಳಿದ ಅಭ್ಯಾಸ ನಿಮ್ಮ ಉಸಿರಿಗೆ ನೆರವಾದೀತು, ಕಾಲಿಗೆ ಮಾತ್ರ ಅದೇ ಅಭ್ಯಾಸ ತೊಡಕಾಗುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳವನ್ನೋ ತೋಟಕ್ಕೆ ಇಳಿಯುವ ಜಾರುದಾರಿಯನ್ನೋ ದಾಟುವಾಗ ನಾವು ಯಾರೂ ಹೇಳಿಕೊಡದೆಯೇ ಮೈಯನ್ನು ಹಿಂದಕ್ಕೆ ವಾಲಿಸುತ್ತೇವೆ, ಹಿಮ್ಮಡಿ ಊರುತ್ತೇವೆ, ಇನ್ನೇನು ಜಾರಿತು ಎನ್ನುವಾಗ ತಟ್ಟನೆ ಕುಳಿತುಬಿಡುತ್ತೇವೆ. ಹಿಮದ ಮೇಲೆ ಜಾರಲು ಕಾಲಿಗೊಂದರಂತೆ ಕಟ್ಟುವ ಉದ್ದನೆಯ ಪಟ್ಟಿಯೇ ಸ್ಕೀ; ಅದನ್ನು ಕಟ್ಟಿಕೊಂಡವರು ಈ ಮೂರನ್ನೂ ಮಾಡಬಾರದು. ಸ್ಕೀಯ ವೇಗವನ್ನು ಹಿಡಿತದಲ್ಲಿಡುವುದು ತಿರುವು. ತಿರುವು ಆರಂಭವಾಗುವುದು ಅದರ ಮುಂಭಾಗದ ಮೇಲೆ ಬೀಳುವ ಭಾರದಿಂದ. ಹೆದರಿ ಹಿಂದಕ್ಕೆ ವಾಲಿದೊಡನೆ ಆ ಭಾರ ತಪ್ಪಿ, ಸ್ಕೀ ತಿರುಗದೆ ನೇರವಾಗಿ ಕೆಳಕ್ಕೆ ಓಡುತ್ತದೆ. ಆಗ ಕುಳಿತುಬಿಟ್ಟರೆ ಮೈ ಒಂದು ಕಡೆಗೂ ಉದ್ದನೆಯ ಸ್ಕೀ ಇನ್ನೊಂದು ಕಡೆಗೂ ಎಳೆದು, ನಡುವೆ ಸಿಕ್ಕ ಮಂಡಿ ತಿರುಚಿಕೊಳ್ಳುತ್ತದೆ. ವೈದ್ಯರು ಎಸಿಎಲ್ ಎಂದು ಕರೆಯುವ ಮಂಡಿಯೊಳಗಿನ ಅಸ್ಥಿರಜ್ಜು ಹರಿಯುವುದು ಹಲವು ಬಾರಿ ಹೀಗೆಯೇ. ಚಿಕ್ಕಂದಿನಲ್ಲಿ ಅಡಿಕೆ ಹಾಳೆಯ ಮೇಲೆ ಕುಳಿತು ಧರೆಯಿಂದ ಜಾರಿದ ನೆನಪು ನಿಮ್ಮಲ್ಲಿದ್ದರೆ, ಅದನ್ನು ಸಾಗರದಲ್ಲಿಯೇ ಬಿಟ್ಟು ಹೋಗುವುದು ಲೇಸು.

ಆದುದರಿಂದ ಮಗಳು ಮೊದಲ ದಿನ ಕಲಿಯಬೇಕಾದದ್ದು ಇಳಿಯುವುದನ್ನಲ್ಲ, ನಿಲ್ಲುವುದನ್ನು. ಮೊಣಕಾಲಿನ ಕೆಳಗಿನ ಮುಂಗಾಲು ಬೂಟಿನ ಮುಂಭಾಗಕ್ಕೆ ಸದಾ ಒತ್ತಿಕೊಂಡಿರಬೇಕು, ಕೈಗಳು ಕಣ್ಣಿಗೆ ಕಾಣುವಂತೆ ಮುಂದಿರಬೇಕು. ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು ಹಿಂತುದಿಗಳನ್ನು ಅಗಲಿಸಿದರೆ ಒಳ ಅಂಚುಗಳು ಹಿಮವನ್ನು ಕೆರೆದು ವೇಗ ತಗ್ಗಿಸುತ್ತವೆ. ಬೀಳುವುದು ತಪ್ಪದೆಂದಾದರೆ ಪಕ್ಕಕ್ಕೆ ಬೀಳಬೇಕು ಮತ್ತು ಜಾರುವುದು ಪೂರ್ತಿ ನಿಲ್ಲುವವರೆಗೆ ಏಳಲು ಯತ್ನಿಸಬಾರದು. ಗುಲ್ಮಾರ್ಗ್‌ನ ಬಯಲಿನ ಸಣ್ಣ ಇಳಿಜಾರುಗಳಲ್ಲಿ, ಪರವಾನಗಿ ಪಡೆದ ತರಬೇತುದಾರರ ಜೊತೆ ಎರಡು ಮೂರು ದಿನ ಇಷ್ಟನ್ನೇ ಮಾಡಿದರೂ ನಷ್ಟವಿಲ್ಲ.

ಮಗನ ಅಪಾಯಗಳು ಬೇರೆ. ಸ್ನೋಬೋರ್ಡಿನಲ್ಲಿ ಎರಡು ಪಾದಗಳೂ ಒಂದೇ ಹಲಗೆಗೆ ಬಿಗಿದಿರುತ್ತವೆ, ಬಿದ್ದಾಗ ಅವು ಕಳಚಿಕೊಳ್ಳುವುದಿಲ್ಲ. ಮಂಡಿಗೆ ಇದರಿಂದ ಸ್ವಲ್ಪ ರಕ್ಷಣೆಯಾದರೂ, ಬೀಳುವವನು ಸಹಜವಾಗಿಯೇ ಅಂಗೈ ಚಾಚುವುದರಿಂದ ಪೆಟ್ಟೆಲ್ಲ ಮಣಿಕಟ್ಟಿಗೆ ಹೋಗುತ್ತದೆ. ಹೊಸಬರ ಮಣಿಕಟ್ಟು ಮುರಿಯುವುದು ಈ ಆಟದಲ್ಲಿ ತೀರ ಸಾಮಾನ್ಯ. ಮಣಿಕಟ್ಟಿನ ರಕ್ಷಾಪಟ್ಟಿ ಅಲ್ಲಿ ಬಾಡಿಗೆಗೆ ಸಿಕ್ಕೀತೆಂದು ನೆಚ್ಚಿಕೊಳ್ಳದೆ ಇಲ್ಲಿಂದಲೇ ಕೊಂಡೊಯ್ಯಿರಿ. ಮುಷ್ಟಿ ಕಟ್ಟಿ ಮುಂಗೈ ಮೇಲೆ ಬೀಳುವುದನ್ನು ಹಾಸಿಗೆಯ ಮೇಲೆ ಅಭ್ಯಾಸ ಮಾಡಿಸಿರಿ. ಹಲಗೆಯ ಹಿಂದಿನ ಅಂಚು ಹಿಮಕ್ಕೆ ಕಚ್ಚಿಕೊಂಡರೆ ಮನುಷ್ಯ ಅಂಗಾತ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟಾಗುತ್ತದೆ. ಹೆಲ್ಮೆಟ್ ವಿಷಯದಲ್ಲಿ ರಾಜಿ ಬೇಡ. ಬೈಕಿನ ಹ್ಯಾಂಡಲಿಗೆ ಹೆಲ್ಮೆಟ್ ನೇತುಹಾಕಿಕೊಂಡು ಓಡಾಡುವ ನಮ್ಮೂರಿನ ಪದ್ಧತಿಯನ್ನು ಮಕ್ಕಳು ನೋಡಿಯೇ ಬೆಳೆದಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಬಾಡಿಗೆ ಸಲಕರಣೆಯ ಅಂಗಡಿಯಲ್ಲಿ ಕಳೆಯುವ ಅರ್ಧ ಗಂಟೆ ಬಹಳ ಮುಖ್ಯ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಒಂದು ಮಿತಿಯ ತನಕ ಬಿಗಿಯಾಗಿದ್ದು, ಕಾಲಿನ ಮೇಲೆ ಅದಕ್ಕಿಂತ ಹೆಚ್ಚಿನ ತಿರುಚು ಬಿದ್ದಾಗ ತಾನೇ ಬಿಟ್ಟುಕೊಳ್ಳಬೇಕು. ಆ ಮಿತಿಯನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ಮತ್ತು ಅನುಭವವನ್ನು ನೋಡಿ ನಿಗದಿಪಡಿಸುತ್ತಾರೆ. ನಾನು ಮೊದಲ ಬಾರಿ ಹಿಮಾಲಯದ ಒಂದು ತಾಣದಲ್ಲಿ ಕಲಿಯಲು ಹೋದಾಗ ಅಂಗಡಿಯಾತ ತೂಕವನ್ನೂ ಕೇಳದೆ, ನನ್ನನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿ, ಸ್ಕ್ರೂ ತಿರುಗಿಸಿ ಕೊಟ್ಟಿದ್ದ. ಎರಡನೆಯ ಸಲ ಬಿದ್ದಾಗ ಸ್ಕೀ ಬಿಟ್ಟುಕೊಳ್ಳಲಿಲ್ಲ. ಊದಿದ ಮಂಡಿಗೆ ಹಿಮವನ್ನೇ ಕಟ್ಟಿಕೊಂಡು ಎರಡು ದಿನ ಕೋಣೆಯಲ್ಲಿ ಕುಳಿತೆ. ಕೇಳದಿದ್ದರೂ ನೀವಾಗಿ ತೂಕ ಹೇಳಿರಿ, ಅನುಭವವನ್ನು ಹಿಗ್ಗಿಸಿ ಹೇಳಬೇಡಿ. ಇನ್ನೊಂದು ತಪ್ಪನ್ನೂ ಅಂದು ಮಾಡಿದ್ದೆ: ಚಳಿಗೆಂದು ಎರಡು ಜೊತೆ ಕಾಲುಚೀಲ ಹಾಕಿದ್ದೆ. ಅವು ಮಡಚಿಕೊಂಡು ಬೊಕ್ಕೆ ಎಬ್ಬಿಸಿದವು, ರಕ್ತಸಂಚಾರಕ್ಕೆ ತಡೆಯಾಗಿ ಬೆರಳುಗಳು ಮತ್ತಷ್ಟು ತಣ್ಣಗಾದವು. ಉಣ್ಣೆಯ ಒಂದೇ ಜೊತೆ ಸಾಕು.

ಬಟ್ಟೆಯ ವಿಷಯದಲ್ಲಿ ಮಾತ್ರ ಮಲೆನಾಡಿನ ತಿಳಿವಳಿಕೆ ಅಲ್ಲಿಯೂ ಸಲ್ಲುತ್ತದೆ. ಕಂಬಳಿಕೊಪ್ಪೆ ಹಾಕಿಕೊಂಡು ನಾಟಿಗೆ ಇಳಿದವರಿಗೆ, ಉಣ್ಣೆ ನೆನೆದರೂ ಬೆಚ್ಚಗಿಡುತ್ತದೆ, ಹತ್ತಿ ನೆನೆದರೆ ಮೈಯ ಬಿಸಿಯನ್ನೇ ಹೀರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಬಿಸಿಲಿನ ಕನ್ನಡಕವನ್ನು ಶೋಕಿ ಎಂದುಕೊಳ್ಳಬೇಡಿ. ಹೊಸ ಹಿಮವು ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಶೇ. 80ರವರೆಗೆ ಮರಳಿ ಮುಖಕ್ಕೆ ಎಸೆಯುತ್ತದೆ.

ದಾರಿಯ ನಿಯಮಗಳನ್ನೂ ಮಕ್ಕಳಿಗೆ ಹೊರಡುವ ಮೊದಲೇ ತಿಳಿಸಿರಿ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 1967ರಲ್ಲಿ ರೂಪಿಸಿದ, ಇಂದು ಹತ್ತು ಅಂಶಗಳಿರುವ ನಡವಳಿಕೆಯ ಸಂಹಿತೆಯಲ್ಲಿ ಅತಿ ಮುಖ್ಯವಾದದ್ದು, ಮುಂದಿರುವವರಿಗೆ ಹಕ್ಕು ಹೆಚ್ಚು ಎಂಬುದು. ಆಗುಂಬೆ ಘಾಟಿಯಲ್ಲಿ ಏರುವ ವಾಹನಕ್ಕೆ ಇಳಿಯುವವರು ದಾರಿ ಬಿಡುವಂತೆ, ಇಲ್ಲಿ ಮೇಲಿನಿಂದ ಬರುವವರು ಕೆಳಗಿರುವವರನ್ನು ತಪ್ಪಿಸಿ ಹೋಗಬೇಕು. ಕೆಳಗಿರುವವರಿಗೆ ಬೆನ್ನಲ್ಲಿ ಕಣ್ಣಿಲ್ಲ. ಹಾಗೆಯೇ ದಣಿವಾರಿಸಿಕೊಳ್ಳಲು ಇಕ್ಕಟ್ಟಿನಲ್ಲಿ ಅಥವಾ ಮೇಲಿನವರ ಕಣ್ಣಿಗೆ ಬೀಳದ ದಿಬ್ಬದ ಮರೆಯಲ್ಲಿ ನಿಲ್ಲಬಾರದು, ಬದಿಗೆ ಸರಿದು ನಿಲ್ಲಬೇಕು. ಯಾರಾದರೂ ಬಿದ್ದು ಪೆಟ್ಟಾಗಿದ್ದರೆ ಅವರಿಗಿಂತ ಸ್ವಲ್ಪ ಮೇಲೆ ಎರಡು ಸ್ಕೀಗಳನ್ನು ಕತ್ತರಿಯಂತೆ ಅಡ್ಡಡ್ಡ ನೆಟ್ಟು, ಎಬ್ಬಿಸಿ ಕೂರಿಸುವ ಸಾಹಸಕ್ಕೆ ಹೋಗದೆ, ರಕ್ಷಣಾ ಸಿಬ್ಬಂದಿಯನ್ನು ಕರೆಯಬೇಕು. ಸಂಜೆಯ ಹೊತ್ತಿಗೆ ಕಾಲು ಸೋತಿರುತ್ತದೆ, ಬಿಸಿಲಿಗೆ ಕರಗಿದ ಹಿಮ ಮತ್ತೆ ಗಟ್ಟಿಯಾಗುತ್ತಿರುತ್ತದೆ; ‘ಇನ್ನೊಂದೇ ಒಂದು ಸಲ’ ಎಂದು ಮಕ್ಕಳು ಗೋಗರೆಯುವುದೂ ಅದೇ ಹೊತ್ತಿಗೆ. ಆಗ ನೀವು ಗಟ್ಟಿಯಾಗಿರಬೇಕು.

ಗುಲ್ಮಾರ್ಗ್‌ನ ಗೊಂಡೋಲಾ, ಅಂದರೆ ಕೇಬಲ್ ಕಾರ್, ಎರಡು ಹಂತಗಳದ್ದು. ಮೊದಲನೆಯದು ಸುಮಾರು 3,100 ಮೀಟರ್ ಎತ್ತರದ ಕೊಂಗ್ಡೂರಿಯ ತನಕ ಹೋಗುತ್ತದೆ, ಎರಡನೆಯದು ಅಫರ್ವತ್ ಶಿಖರದ ಹತ್ತಿರ, 3,900 ಮೀಟರಿಗೂ ಮೇಲೆ ಇಳಿಸುತ್ತದೆ. ಟಿಕೆಟ್ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಅಲ್ಲಿಂದ ಸ್ಕೀ ಕಟ್ಟಿ ಇಳಿಯುವುದು ಕಲಿಯುವವರ ಕೆಲಸವಲ್ಲ. ಅಲ್ಲಿ ನಿಗಾ ಇರುವ ಗಡಿಯನ್ನು ದಾಟಿದರೆ ಹಿಮಕುಸಿತದ ನೆಲ. ಹಿಮ ಪದರವಾಗಿ ಕಿತ್ತು ಬರುವುದು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ, ಅಂದರೆ ನುರಿತವರು ಇಷ್ಟಪಡುವ ಇಳಿಜಾರುಗಳಲ್ಲಿಯೇ. 2023ರ ಫೆಬ್ರುವರಿ 1ರಂದು ಅಫರ್ವತ್‌ನಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಹೀಗೆ ಜೀವ ಕಳೆದುಕೊಂಡರು. ಹೂತುಹೋದವರು ಬದುಕುವ ಸಾಧ್ಯತೆ ಮೊದಲ ಹತ್ತು ಹದಿನೈದು ನಿಮಿಷಗಳ ನಂತರ ವೇಗವಾಗಿ ಕುಸಿಯುವುದರಿಂದ, ಅಂಥಲ್ಲಿಗೆ ಹೋಗುವವರು ಸಂಕೇತ ಬಿತ್ತರಿಸುವ ಟ್ರಾನ್ಸೀವರ್, ಹಿಮ ಚುಚ್ಚಿ ನೋಡುವ ಕೋಲು ಮತ್ತು ಸಲಿಕೆಯನ್ನು ತಾವೇ ಹೊತ್ತಿರುತ್ತಾರೆ. ಹಗ್ಗ ಕಟ್ಟಿ ಫಲಕ ಹಾಕಿದ ಜಾಗದಾಚೆ ಯಾರದೋ ಸ್ಕೀಯ ಗೆರೆ ಕಂಡಿತೆಂದು ನಿಮ್ಮ ಮಕ್ಕಳು ಹಿಂಬಾಲಿಸದಂತೆ ಕಟ್ಟುನಿಟ್ಟು ಮಾಡಿರಿ.

ಎತ್ತರದ ಮಾತನ್ನು ಅತ್ತೆಯವರ ದೃಷ್ಟಿಯಿಂದಲೂ ಯೋಚಿಸಬೇಕು. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ನಮ್ಮ ಕೊಡಚಾದ್ರಿ 1,343 ಮೀಟರ್. ಎಂದರೆ ಕೊಡಚಾದ್ರಿಯ ಮೇಲೆ ಇನ್ನೊಂದು ಕೊಡಚಾದ್ರಿ ಇಟ್ಟಷ್ಟು. ಸುಮಾರು 2,500 ಮೀಟರಿನಿಂದಾಚೆ ಕೆಲವರಿಗೆ ತಲೆನೋವು, ವಾಕರಿಕೆ, ನಿದ್ರೆಗೇಡು ಶುರುವಾಗುತ್ತದೆ. ಮೊದಲ ದಿನ ಎಲ್ಲರೂ ಸುಮ್ಮನಿರಿ, ಲಕ್ಷಣ ಕಂಡರೆ ಮೇಲೆ ಹೋಗಬೇಡಿ. ಕುಳಿತಲ್ಲಿಯೇ ಏದುಸಿರು ಬಂದರೆ ಅಥವಾ ನಡಿಗೆ ತಪ್ಪಿದರೆ ತಡಮಾಡದೆ ಕೆಳಗಿಳಿಯಿರಿ. ಅತ್ತೆಯವರಿಗೆ ರಕ್ತದೊತ್ತಡವೋ ಹೃದಯದ ತೊಂದರೆಯೋ ಇದ್ದರೆ ಮೊದಲು ವೈದ್ಯರ ಒಪ್ಪಿಗೆ ಪಡೆಯಬೇಕು. ಅಂಥ ತೊಂದರೆ ಇಲ್ಲವಾದರೆ ಮೊದಲ ಹಂತದ ಗೊಂಡೋಲಾದಲ್ಲಿ ಹೋಗಿ ಹಿಮ ನೋಡಿ ಬರಲು ಅಡ್ಡಿಯಿಲ್ಲ. ಅವರು ಬೀಳುವ ಅಪಾಯವಿರುವುದು ಬೆಟ್ಟದ ಮೇಲಲ್ಲ, ಬೆಳಗಿನ ಹೊತ್ತು ಹೋಟೆಲಿನ ಮೆಟ್ಟಿಲ ಮುಂದೆ ಗಾಜಿನಂತೆ ಹೆಪ್ಪುಗಟ್ಟಿರುವ ನೀರಿನ ಮೇಲೆ. ಆಷಾಢದಲ್ಲಿ ಅಂಗಳಕ್ಕೆ ಅಡಿಕೆ ಸೋಗೆ ಹಾಸುವಂತೆ ಅಲ್ಲಿ ಯಾರೂ ಹಾಸಿರುವುದಿಲ್ಲ. ಅಡಿಯಲ್ಲಿ ಹಲ್ಲುಗಳಿರುವ ಬೂಟು ಹಾಕಿಸಿ, ಕೈಗೊಂದು ಊರುಗೋಲು ಕೊಟ್ಟು, ಬಿಸಿಲೇರಿದ ಮೇಲೆಯೇ ಹೊರಗೆ ಕರೆದುಕೊಂಡು ಬನ್ನಿರಿ.