ಕಪ್ಪು ಬೆರೆಸಿದರೆ ಹಳದಿ ಹಸಿರಾಗುವುದೇಕೆ?

ಎರಡನೆಯ ಮಹಾಯುದ್ಧದ ನಡುವೆ, 1943ರ ಫೆಬ್ರವರಿಯಲ್ಲಿ, ಜರ್ಮನ್ ಸೇನೆ ತನ್ನ ಟ್ಯಾಂಕುಗಳ ಕಡುಬೂದು ಬಣ್ಣವನ್ನು ಕೈಬಿಟ್ಟು 'ಡುಂಕೆಲ್‌ಗೆಲ್ಬ್' ಎಂಬ ಕಡುಹಳದಿಯನ್ನು ಮೂಲಬಣ್ಣವಾಗಿ ಅಳವಡಿಸಿಕೊಂಡಿತು. ಟೈಗರ್ ಟ್ಯಾಂಕಿನ 1:35 ಅಳತೆಯ ಪ್ಲಾಸ್ಟಿಕ್ ಮಾದರಿಯೊಂದಕ್ಕೆ ಇದೇ ಬಣ್ಣವನ್ನು ಬಳಿಯಹೊರಟ ನನಗೆ ಡಬ್ಬಿಯ ಹಳದಿ ತೀರ ತಿಳಿಯಾಗಿದೆ ಎನ್ನಿಸಿ, ಅದಕ್ಕೆ ನಾಲ್ಕು ಹನಿ ಕಪ್ಪನ್ನು ಬೆರೆಸಿದೆ. ಒಣಗಿದ ಮೇಲೆ ನೋಡಿದರೆ ಟ್ಯಾಂಕು ಮಳೆಗಾಲದ ಕಾಂಪೌಂಡ್ ಗೋಡೆಯಂತೆ ಪಾಚಿಗಟ್ಟಿತ್ತು.

ಇದಕ್ಕೆ ಕಾರಣಗಳು ಎರಡು. ಮಾಮೂಲಿ ಕಪ್ಪು ಬಣ್ಣದಲ್ಲಿರುವ ಇಂಗಾಲದ ಕಣಗಳು ತಿಳಿಯಾದಾಗ ತುಸು ನೀಲಿಯತ್ತ ವಾಲುತ್ತವೆ ಎಂಬುದು ಒಂದು. ಇನ್ನೊಂದು ನಮ್ಮ ಕಣ್ಣಿಗೆ ಸಂಬಂಧಿಸಿದ್ದು: ಕೆಂಪು ಕಪ್ಪಾದರೆ ಕಡುಗೆಂಪಾಗಿಯೇ ತೋರುತ್ತದೆ, ಆದರೆ ಕಪ್ಪಾದ ಹಳದಿಯನ್ನು ನಾವು ಹಳದಿಯೆಂದೇ ಗುರುತಿಸುವುದಿಲ್ಲ, ಅದು ಆಲಿವ್ ಹಸಿರಾಗಿ ಕಾಣುತ್ತದೆ. ಅಮೆರಿಕದ ಸೇನೆ ಅದೇ ಯುದ್ಧದಲ್ಲಿ ಬಳಸಿದ ಆಲಿವ್ ಡ್ರ್ಯಾಬ್ ಬಣ್ಣವನ್ನು ಮುಖ್ಯವಾಗಿ ಓಕರ್ ಎಂಬ ಹಳದಿ ಮಣ್ಣಿನ ಬಣ್ಣ ಮತ್ತು ಕಪ್ಪಿನಿಂದಲೇ ತಯಾರಿಸುತ್ತಿದ್ದರು. ಹಳದಿಯನ್ನು ಗಾಢಗೊಳಿಸಬೇಕಾದವರು ಕಪ್ಪಿನ ಬದಲು ಕಂದು ಬಣ್ಣವನ್ನು ಬೆರೆಸಬೇಕೆಂಬುದು ನನಗೆ ತಡವಾಗಿ ತಿಳಿಯಿತು.

ಹಾಗೆಂದು ದೋಷವೆಲ್ಲ ಬಣ್ಣದ್ದೇ ಎನ್ನುವಂತಿಲ್ಲ. ಮೇಜಿನ ಎಲ್‌ಇಡಿ ದೀಪದ ಬಿಳಿ ಬೆಳಕು ನೀಲಿ ಚಿಪ್ ಮತ್ತು ಅದರ ಮೇಲಿನ ಫಾಸ್ಫರ್ ಎಂಬ ಹೊಳೆಯುವ ವಸ್ತುವಿನ ಹಳದಿ ಲೇಪ ಸೇರಿ ಆದದ್ದು; ಅಗ್ಗದ ದೀಪಗಳಲ್ಲಿ ಗಾಢ ಕೆಂಪಿನ ಪಾಲು ಕಡಿಮೆಯಿರುವುದರಿಂದ ಕಂದು ಮಂಕಾಗುತ್ತದೆ, ಹಳದಿ ಹಸಿರಿನತ್ತ ಜಾರುತ್ತದೆ. ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡ ಎರಡು ಬಣ್ಣಗಳು ಇನ್ನೊಂದರಲ್ಲಿ ಬೇರೆಯಾಗಿ ಕಾಣುವುದೂ ಉಂಟು. ಇದನ್ನು ಮೆಟಾಮೆರಿಸಂ ಎನ್ನುತ್ತಾರೆ. ಇದರ ಜೊತೆಗೆ, ಬೆಳಕು ಹೆಚ್ಚಿದಂತೆ ಬಣ್ಣ ಹೆಚ್ಚು ರಂಗೇರಿದಂತೆ ಕಾಣುವ 'ಹಂಟ್ ಪರಿಣಾಮ'ವೂ ಇದೆ. ಬಿಸಿಲಿನ ಪ್ರಕಾಶ ಸುಮಾರು 1,00,000 ಲಕ್ಸ್ ಆದರೆ ಕೋಣೆಯದು ಕೆಲವು ನೂರು ಮಾತ್ರ. ಮಾದರಿಗೆ ಬಣ್ಣವನ್ನು ತುಸು ತಿಳಿ ಮಾಡಬೇಕೆಂಬ ಹವ್ಯಾಸಿಗಳ ರೂಢಿಗೆ ನಿಜವಾದ ಟ್ಯಾಂಕಿಗೂ ನೋಡುವವರಿಗೂ ನಡುವಿನ ಗಾಳಿಯ ಮಬ್ಬೇ ಕಾರಣವೆಂದು ಹೇಳುವುದುಂಟು. ಆದರೆ 30 ಸೆಂಟಿಮೀಟರ್ ದೂರದಿಂದ ಮಾದರಿಯನ್ನು ನೋಡುವುದೆಂದರೆ ನಿಜವಾದ ಟ್ಯಾಂಕನ್ನು ಸುಮಾರು ಹತ್ತು ಮೀಟರಿನಿಂದ ನೋಡಿದಂತೆ. ಅಷ್ಟು ದೂರದಲ್ಲಿ ಗಾಳಿ ಏನು ಮಬ್ಬು ಮಾಡೀತು? ಕೋಣೆಯ ಮಂದ ಬೆಳಕೇ ನಿಜವಾದ ಕಾರಣವೆಂದು ನನಗನ್ನಿಸುತ್ತದೆ.

ಹೀಗಾಗಿ ನಾನು ಮಾದರಿಯನ್ನು ಕಿಟಕಿಯ ಬಳಿ ಒಯ್ದು ಹಗಲಿನಲ್ಲಿ ನೋಡಿದೆ. ಹಸಿರು ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಮತ್ತೆ ಮೊದಲಿನಿಂದ ಬಳಿದರೆ ಗಾಲಿಗಳ ಬೋಲ್ಟುಗಳೂ ಬೆಸುಗೆಯ ಗೆರೆಗಳೂ ಬಣ್ಣದಡಿ ಹೂತುಹೋಗುತ್ತವೆ. ಅದಕ್ಕೆ ಬದಲು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ತೈಲವರ್ಣವನ್ನು ವೈಟ್ ಸ್ಪಿರಿಟ್ ಎಂಬ ದ್ರಾವಕದಲ್ಲಿ ಚಹಾದ ಡಿಕಾಕ್ಷನ್ನಿನಷ್ಟು ತೆಳುವಾಗಿ ಕಲಸಿ, ಕುಂಚವನ್ನು ಬಟ್ಟೆಗೆ ಒತ್ತಿ ಬಹುಪಾಲು ಹಿಂಡಿ, ಒಂದೊಂದೇ ಫಲಕವನ್ನು ಒದ್ದೆ ಮಾಡಿದೆ. ಬೆಳಕು ಈ ಪದರವನ್ನು ತೂರಿ ತಳದ ಬಣ್ಣಕ್ಕೆ ಹೋಗಿ ಮತ್ತೆ ಅದರ ಮೂಲಕವೇ ಹೊರಬರುವಾಗ ಎರಡು ಬಾರಿ ಹಸಿರಿನ ಪಾಲನ್ನು ಕಳೆದುಕೊಳ್ಳುತ್ತದೆ. ಹವ್ಯಾಸಿಗಳು ಇದನ್ನು ಫಿಲ್ಟರ್ ಎನ್ನುವುದು ಸರಿಯಾಗಿಯೇ ಇದೆ. ತಳದಲ್ಲಿ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವಿದ್ದರೆ ವೈಟ್ ಸ್ಪಿರಿಟ್ ಅದನ್ನು ಕರಗಿಸದು. ಎಣ್ಣೆಯಂಥ ಎನಾಮೆಲ್ ಬಣ್ಣವಿದ್ದಲ್ಲಿ ಮೊದಲು ಅಕ್ರಿಲಿಕ್ ವಾರ್ನಿಷಿನ ತಡೆಪದರ ಬೇಕೇ ಬೇಕು, ಇಲ್ಲವಾದರೆ ಎರಡೂ ಕಲಸಿಹೋಗುತ್ತವೆ.

ಕೊನೆಯ ಮ್ಯಾಟ್ ವಾರ್ನಿಷ್ ಮೇಲ್ಮೈಯನ್ನು ಒರಟಾಗಿಸಿ ಬಿಳಿಬೆಳಕನ್ನು ಎಲ್ಲೆಡೆ ಚೆದುರಿಸುವುದರಿಂದ ಬಣ್ಣ ಇನ್ನಷ್ಟು ತಿಳಿಯಾಗುತ್ತದೆ. ಆದ್ದರಿಂದ ಅದನ್ನು ಬಳಿಯುವ ಮುನ್ನ ಛಾಯೆಯನ್ನು ತುಸು ಗಾಢವಾಗಿಯೇ ಬಿಡಬೇಕು.

ಇಷ್ಟೆಲ್ಲ ಮಾಡಿದರೂ 'ಸರಿಯಾದ' ಹಳದಿ ಯಾವುದೆಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ. ಶತ್ರುವಿನ ಕಣ್ಣು ತಪ್ಪಿಸಲು ಬಳಿಯುತ್ತಿದ್ದ ಅಂದಿನ ಮರೆಬಣ್ಣಗಳು ರಣರಂಗಕ್ಕೆ ಗಟ್ಟಿ ಪೇಸ್ಟಿನ ರೂಪದಲ್ಲಿ ಬರುತ್ತಿದ್ದವು, ಸೈನಿಕರು ಸಿಕ್ಕಿದ ಪೆಟ್ರೋಲಿನಲ್ಲೋ ನೀರಿನಲ್ಲೋ ಕಲಸಿ ಬಳಿಯುತ್ತಿದ್ದರು, ಹಾಗಾಗಿ ಛಾಯೆ ಎಲ್ಲೆಡೆ ಒಂದೇ ಇರುತ್ತಿರಲಿಲ್ಲ. ನನ್ನ ಟೈಗರಿಗೆ ಆ ಫಿಲ್ಟರಿನ ಮೂರು ಪದರ ಸಾಕಾಯಿತು. ಗೋಪುರದ ಹಿಂದಿನ ಸಾಮಾನು ಪೆಟ್ಟಿಗೆಯ ಅಡಿಗೆ ಮಾತ್ರ ಕುಂಚ ತಲುಪಲಿಲ್ಲ. ಆ ಪಾಚಿಯ ಹಸಿರು ಅಲ್ಲಿ ಇನ್ನೂ ಇದೆ.